ಚಲನಚಿತ್ರ ಮತ್ತು ಕಿರುತೆರೆಯಲ್ಲಿನ ಇಂಗ್ಲಿಷ್ ನುಡಿಗಟ್ಟುಗಳು

ಚಲನಚಿತ್ರ ಮತ್ತು ಕಿರುತೆರೆಯ ಸಂಭಾಷಣೆಗಳಲ್ಲಿ ಬರುವ ಇಂಗ್ಲಿಷ್ ನುಡಿಗಟ್ಟುಗಳು ಹಾಗೂ ಸಾಂಸ್ಕೃತಿಕ ಉಲ್ಲೇಖಗಳು ಪದಗಳ ನೇರ ಅರ್ಥದಿಂದ ತಿಳಿಯುವಂಥವಲ್ಲ. ಆ ಭಾಷೆಯನ್ನಾಡುವ ಸಮಾಜದ ವೃತ್ತಿ, ಧರ್ಮ, ಆಟ, ಸಾಹಿತ್ಯ ಮತ್ತು ದಿನಬಳಕೆಯ ಅನುಭವಗಳಿಂದ ಅವು ಹುಟ್ಟಿವೆ. ಆದ್ದರಿಂದ ಇಂಗ್ಲಿಷ್ ವ್ಯಾಕರಣವನ್ನು ಚೆನ್ನಾಗಿ ಬಲ್ಲವರಿಗೂ ಅವು ಕೆಲವೊಮ್ಮೆ ಅರ್ಥವಾಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಇಂಗ್ಲಿಷ್ ಚಿತ್ರವೊಂದರ ಹಾಸ್ಯಕ್ಕೆ ಉಳಿದವರು ನಕ್ಕ ಮೇಲೆ ನಕ್ಕು, ತಮಗೆ ಇಂಗ್ಲಿಷ್ ಬಾರದೆಂದು ತೀರ್ಮಾನಿಸುವುದುಂಟು. ಬಹಳ ಸಂದರ್ಭಗಳಲ್ಲಿ ಅವರಿಗಿರುವ ಕೊರತೆ ಭಾಷೆಯದಲ್ಲ, ಹಿನ್ನೆಲೆಯದು.

ಒಂದು ಸಮಾಜದ ಮಾತನ್ನು ಇನ್ನೊಂದು ಸಮಾಜದ ಅನುಭವದ ಮೂಲಕ ಅರ್ಥಮಾಡಿಕೊಳ್ಳುವ ಪ್ರಯತ್ನಕ್ಕೆ ಕರ್ನಾಟಕದ ತುಮಕೂರು ಜಿಲ್ಲೆಯಲ್ಲಿ ಹಲವು ಉದಾಹರಣೆಗಳಿವೆ. ಇಂಗ್ಲಿಷ್ ಕಾವ್ಯವನ್ನು ಕನ್ನಡಕ್ಕೆ ತಂದ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ಈ ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ. ವೃತ್ತಿ ರಂಗಭೂಮಿಯಿಂದ ಚಲನಚಿತ್ರದತ್ತ ಹೆಜ್ಜೆಯಿಟ್ಟ ಗುಬ್ಬಿ ವೀರಣ್ಣನವರ ಕಂಪನಿ ಗುಬ್ಬಿಯದು. ಇಂಗ್ಲಿಷ್ ನುಡಿಗಟ್ಟುಗಳ ಒಂದು ದೊಡ್ಡ ಗುಂಪಿಗೆ ಮೂಲವಾದ ಪಂದ್ಯದ ಕುದುರೆಗಳನ್ನು ಕುಣಿಗಲ್ಲಿನಲ್ಲಿ ಸಾಕಲಾಗುತ್ತದೆ.

ನುಡಿಗಟ್ಟು ಮತ್ತು ಉಲ್ಲೇಖ

ನುಡಿಗಟ್ಟು ಮತ್ತು ಉಲ್ಲೇಖಗಳನ್ನು ಸಾಮಾನ್ಯವಾಗಿ ಒಂದೇ ಎಂಬಂತೆ ಬಳಸಿದರೂ ಅವುಗಳ ನಡುವೆ ವ್ಯತ್ಯಾಸವಿದೆ. ನುಡಿಗಟ್ಟಿನ ಅರ್ಥ ನಿಘಂಟಿನಲ್ಲಿ ಸಿಗುತ್ತದೆ. 'ಕಿಕ್ ದ ಬಕೆಟ್' ಎಂದರೆ ಸಾಯುವುದು. ಬಕೆಟ್ಟಿನ ಮೂಲ ತಿಳಿಯದಿದ್ದರೂ ಮಾತು ಅರ್ಥವಾಗುತ್ತದೆ. ಉಲ್ಲೇಖ ಹಾಗಲ್ಲ. ಪಾತ್ರವೊಂದು ತನ್ನ ಗೆಳೆಯನನ್ನು 'ಜೂಡಾಸ್' ಎಂದು ಕರೆದರೆ, ಯೇಸುವನ್ನು ಮೂವತ್ತು ಬೆಳ್ಳಿ ನಾಣ್ಯಗಳಿಗೆ ಹಿಡಿದುಕೊಟ್ಟ ಶಿಷ್ಯನ ಕಥೆ ಗೊತ್ತಿರಬೇಕು. ಮನೆಯೊಡೆಯುವ ಬಂಧುವನ್ನು ಶಕುನಿ ಎಂದಾಗ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಮಹಾಭಾರತವನ್ನು ಕೇಳದೆ ಬೆಳೆದವರಿಗೆ ಮಾತ್ರ ಅದು ಬರಿಯ ಹೆಸರು.

ನುಡಿಗಟ್ಟಿನ ಅರ್ಥ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರ ದನಿಯೂ ತಿಳಿಯಬೇಕು. 'ಕಿಕ್ ದ ಬಕೆಟ್' ಎಂಬುದು ಲಘುವಾದ, ತುಸು ಕುಹಕದ ಮಾತು. ಇದಕ್ಕೆ ಕನ್ನಡದ 'ಗೊಟಕ್ ಅಂದ' ಎಂಬುದು ಸರಿಹೊಂದುತ್ತದೆಯೇ ಹೊರತು 'ಶಿವೈಕ್ಯರಾದರು' ಎಂಬುದಲ್ಲ. ಸಾವಿನ ಮನೆಗೆ ಬಂದವರ ಮುಂದೆ ಈ ಮಾತನ್ನಾಡಿ ಪಾತ್ರವೊಂದು ಎಲ್ಲರನ್ನೂ ಮುಜುಗರಕ್ಕೀಡುಮಾಡುವ ದೃಶ್ಯವಿದ್ದರೆ, ಅದರ ಹಾಸ್ಯವೆಲ್ಲ ಈ ದನಿಯಲ್ಲೇ ಅಡಗಿರುತ್ತದೆ.

ಕುದುರೆಯಿಂದ ಬಂದ ಮಾತುಗಳು

ತುಮಕೂರಿನ ಶ್ರೀ ಸಿದ್ಧಗಂಗಾ ಕ್ಷೇತ್ರದಲ್ಲಿ ಶಿವರಾತ್ರಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ನಡೆಯುತ್ತದೆ. ಅಲ್ಲಿ ಎತ್ತು ಕೊಳ್ಳುವ ರೈತನು ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಎಂಬುದರಿಂದ ವಯಸ್ಸು ಗೊತ್ತಾಗುತ್ತದೆ. ಮಾರುವವನ ಮಾತನ್ನು ನಂಬಬೇಕಾಗಿಲ್ಲ. ಕುದುರೆಯ ವಯಸ್ಸನ್ನು ತಿಳಿಯುವ ಕ್ರಮವೂ ಇದೇ. 'ನೆವರ್ ಲುಕ್ ಎ ಗಿಫ್ಟ್ ಹಾರ್ಸ್ ಇನ್ ದ ಮೌತ್' ಎಂಬ ಇಂಗ್ಲಿಷ್ ಗಾದೆ ಇಲ್ಲಿಂದಲೇ ಹೊರಟಿದೆ: ಪುಕ್ಕಟೆಯಾಗಿ ಬಂದ ಕುದುರೆಯ ಬಾಯಿ ತೆರೆದು ವಯಸ್ಸು ಲೆಕ್ಕ ಹಾಕಬಾರದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಕನ್ನಡ ಗಾದೆ ಇದೇ ಮಾತನ್ನು ಬಟ್ಟೆಯ ಮೂಲಕ ಹೇಳುತ್ತದೆ. ವಯಸ್ಸಾದಂತೆ ಕುದುರೆಯ ಒಸಡು ಹಿಂದೆ ಸರಿದು ಹಲ್ಲು ಉದ್ದವಾಗಿ ಕಾಣುವುದರಿಂದ, ಮುದಿತನಕ್ಕೆ ಸಮೀಪಿಸಿದವರನ್ನು 'ಲಾಂಗ್ ಇನ್ ದ ಟೂತ್' ಎನ್ನುತ್ತಾರೆ. ಇದನ್ನು 'ಉದ್ದ ಹಲ್ಲಿನವನು' ಎಂದು ಅನುವಾದಿಸಿದರೆ ಅಪಾರ್ಥವಾಗುತ್ತದೆ. ದನದ ಜಾತ್ರೆಯನ್ನು ಕಂಡವನು ಮಾತ್ರ ಅರೆಕ್ಷಣ ಯೋಚಿಸಿದರೂ ನಿಜವಾದ ಅರ್ಥದ ಹತ್ತಿರಕ್ಕೆ ಬರಬಲ್ಲ.

ಪಂದ್ಯದ ಮೈದಾನದಿಂದ ಬಂದ ಮಾತುಗಳು ಇನ್ನೂ ಹೆಚ್ಚು. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿರುವ ಕುದುರೆ ಫಾರಂ ಮೈಸೂರಿನ ಸುಲ್ತಾನರ ಕಾಲದ ಪರಂಪರೆಗೆ ಸೇರಿದ್ದೆಂದು ಪ್ರಸಿದ್ಧವಾಗಿದ್ದು, ಸೇನೆಯ ಕುದುರೆಗಳ ಕಾಲ ಮುಗಿದ ಮೇಲೆ ಪಂದ್ಯದ ಕುದುರೆಗಳ ತಳಿ ಸಂವರ್ಧನೆಗೆ ಹೆಸರಾಯಿತು. ಗೆಲುವು ಖಚಿತವಾದಾಗ ಸವಾರನು ಲಗಾಮನ್ನು ಸಡಿಲಿಸಿ ಕೈ ಇಳಿಬಿಡುತ್ತಾನೆ. ಆದ್ದರಿಂದ ಶ್ರಮವಿಲ್ಲದ ಗೆಲುವು 'ಹ್ಯಾಂಡ್ಸ್ ಡೌನ್'. ಎರಡು ಕುದುರೆಗಳ ಕತ್ತು ಒಂದೇ ಸಾಲಿನಲ್ಲಿದ್ದರೆ ಪೈಪೋಟಿ 'ನೆಕ್ ಅಂಡ್ ನೆಕ್'. ಓಡಿತು, ಆದರೆ ಗೆಲ್ಲಲಿಲ್ಲ ಎಂಬ ಕುದುರೆಗಳ ಪಟ್ಟಿಯಿಂದ ಬಂದದ್ದು 'ಆಲ್ಸೋ ರ‍್ಯಾನ್'. ಯಾರ ಗಮನಕ್ಕೂ ಬಾರದೆ ಸೋತ ಮನುಷ್ಯನಿಗೂ ಈಗ ಅದೇ ಹೆಸರು. ಯಾರಿಗೂ ಪರಿಚಯವಿಲ್ಲದೆ ಕಣಕ್ಕಿಳಿದು ಗೆಲ್ಲುವ ಕುದುರೆ 'ಡಾರ್ಕ್ ಹಾರ್ಸ್'. 1831ರಲ್ಲಿ ಪ್ರಕಟವಾದ ಡಿಸ್ರೇಲಿಯ 'ದ ಯಂಗ್ ಡ್ಯೂಕ್' ಕಾದಂಬರಿಯಿಂದ ಈ ಮಾತು ಪ್ರಚಾರಕ್ಕೆ ಬಂತು. ಇಲ್ಲಿ 'ಡಾರ್ಕ್' ಎಂಬುದು ಬಣ್ಣವನ್ನಲ್ಲ, ಕುದುರೆಯ ಬಗೆಗಿನ ಕತ್ತಲೆಯನ್ನು ಸೂಚಿಸುತ್ತದೆ. ಕನ್ನಡ ಪತ್ರಿಕೆಗಳು ಇದನ್ನು 'ಕಪ್ಪು ಕುದುರೆ' ಎಂದು ಬರೆಯುತ್ತ ಬಂದಿವೆ. ಬಿಳಿಯ ಕುದುರೆಯೂ 'ಡಾರ್ಕ್ ಹಾರ್ಸ್' ಆಗಬಹುದೆಂಬುದು ಆ ಅನುವಾದದಲ್ಲಿ ಕಳೆದುಹೋಗಿದೆ.

ಹೀಗೆ ನೇರವಾಗಿ ಅನುವಾದಗೊಂಡ ಮಾತುಗಳೆಲ್ಲ ಕನ್ನಡಕ್ಕೆ ಒಗ್ಗುವುದಿಲ್ಲವೆಂದು ತಿಳಿಯಬಾರದು. ಶಾಸಕರ ಖರೀದಿಗೆ ಬಳಸುವ 'ಕುದುರೆ ವ್ಯಾಪಾರ' ಇಂಗ್ಲಿಷಿನ 'ಹಾರ್ಸ್ ಟ್ರೇಡಿಂಗ್' ಎಂಬುದರ ಪದಶಃ ಅನುವಾದ. 'ಮೊಸಳೆ ಕಣ್ಣೀರು', 'ಬಿಳಿ ಆನೆ', 'ಹಸಿರು ನಿಶಾನೆ' ಇವೂ ಹೊರಗಿನಿಂದ ಬಂದವೇ. ಇಂದು ಇವುಗಳನ್ನು ಅನುವಾದವೆಂದು ಯಾರೂ ಗುರುತಿಸುವುದಿಲ್ಲ. ಕುದುರೆಗಳನ್ನು ನಿಜವಾಗಿಯೇ ಮಾರುವ ಕುಣಿಗಲ್ಲಿನಲ್ಲಿ ಮಾತ್ರ 'ಕುದುರೆ ವ್ಯಾಪಾರ'ಕ್ಕೆ ಎರಡು ಅರ್ಥಗಳುಂಟು.

ಬೈಬಲ್, ಶೇಕ್ಸ್‌ಪಿಯರ್ ಮತ್ತು ಬಿ.ಎಂ.ಶ್ರೀ ಅವರ ಮಾದರಿ

ಇಂಗ್ಲಿಷ್ ಚಿತ್ರಗಳಲ್ಲಿ ಬರುವ ಉಲ್ಲೇಖಗಳಲ್ಲಿ ಬೈಬಲ್ಲಿನ ಪಾಲು ದೊಡ್ಡದು. ಬಲಹೀನನು ಬಲಶಾಲಿಯನ್ನು ಎದುರಿಸಿದರೆ ಅದು 'ಡೇವಿಡ್ ಮತ್ತು ಗೋಲಿಯಾತ್' ಕಥೆ. ದಾರಿಯಲ್ಲಿ ಬಿದ್ದ ಅಪರಿಚಿತನಿಗೆ ನೆರವಾದವನು 'ಗುಡ್ ಸಮಾರಿಟನ್'. ಮನೆಬಿಟ್ಟು ಹೋಗಿ ಆಸ್ತಿ ಕಳೆದು ಮರಳಿದ ಮಗ 'ಪ್ರಾಡಿಗಲ್ ಸನ್'. ಕಣ್ಣಾರೆ ಕಾಣದೆ ನಂಬದವನು 'ಡೌಟಿಂಗ್ ಥಾಮಸ್'. ಹೊಣೆ ತನ್ನದಲ್ಲವೆಂದು 'ಕೈ ತೊಳೆದುಕೊಳ್ಳುವುದು' ರೋಮನ್ ಅಧಿಕಾರಿ ಪಿಲಾತನ ಪ್ರಸಂಗದಿಂದ ಬಂದ ಮಾತು. ಇದು ಕನ್ನಡದಲ್ಲಿಯೂ ಬೇರೂರಿದೆ. ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು 1830ರ ದಶಕದಲ್ಲೇ ಕೇಂದ್ರವನ್ನು ತೆರೆದಿದ್ದರಿಂದ ಈ ಕಥೆಗಳು ಈ ಭಾಗಕ್ಕೆ ತೀರ ಹೊಸವಲ್ಲ.

ಶೇಕ್ಸ್‌ಪಿಯರನ ನಾಟಕಗಳಿಂದ ಬಂದ ಮಾತುಗಳು ಎಷ್ಟು ಬೆರೆತುಹೋಗಿವೆಯೆಂದರೆ, ಅವನ್ನಾಡುವವರಿಗೇ ಮೂಲ ತಿಳಿದಿರುವುದಿಲ್ಲ. ಕನಿಕರವಿಲ್ಲದೆ ಸಾಲ ವಸೂಲಿ ಮಾಡುವವನು ಕೇಳುವ 'ಪೌಂಡ್ ಆಫ್ ಫ್ಲೆಶ್' ವೆನಿಸ್ಸಿನ ವರ್ತಕನ ಕಥೆಯದು. ಅಸೂಯೆಯನ್ನು ಹಸಿರು ಕಣ್ಣಿನ ರಾಕ್ಷಸನೆನ್ನುವುದು 'ಒಥೆಲೊ' ನಾಟಕದಿಂದ. ಈ ನಾಟಕವನ್ನು ಬಸವಪ್ಪ ಶಾಸ್ತ್ರಿಗಳು 'ಶೂರಸೇನ ಚರಿತ್ರೆ'ಯಾಗಿಸಿದ್ದರು, ಎಂ. ಎಲ್. ಶ್ರೀಕಂಠೇಶಗೌಡರು 'ಮ್ಯಾಕ್‌ಬೆತ್'ಅನ್ನು 'ಪ್ರತಾಪರುದ್ರದೇವ'ನಾಗಿಸಿದ್ದರು. ಆ ಕಾಲದ ಪ್ರೇಕ್ಷಕರು ಶೇಕ್ಸ್‌ಪಿಯರನ ಕಥೆಯನ್ನು ಅವನ ಹೆಸರೇ ಕೇಳದೆ ಕಂಡರು.

ಬಿ. ಎಂ. ಶ್ರೀಕಂಠಯ್ಯನವರು (1884–1946) 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿಕೊಟ್ಟವರು. ಪ್ರಸ್ತುತ ವಿಷಯಕ್ಕೆ ಅವರ ನಾಟಕಗಳು ಇನ್ನೂ ಹತ್ತಿರದವು. ಸೊಫೊಕ್ಲಿಸನ 'ಅಯಾಸ್' ನಾಟಕದಲ್ಲಿ ಮಾನಭಂಗದಿಂದ ಮತಿಗೆಟ್ಟ ಗ್ರೀಕ್ ವೀರನಿದ್ದಾನೆ. ಕನ್ನಡದ ಓದುಗರಿಗೆ ಆ ವೀರನ ಹೆಸರು ಏನನ್ನೂ ಹೇಳದು. ಆದ್ದರಿಂದ ಶ್ರೀಕಂಠಯ್ಯನವರು 'ಅಶ್ವತ್ಥಾಮನ್' (1929) ನಾಟಕದಲ್ಲಿ ಅವನ ಸ್ಥಾನದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದರು. ಆದರೆ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ತಂದಾಗ ಪರ್ಶಿಯಾ ದೇಶವನ್ನೂ ಅಲ್ಲಿನ ಜನರನ್ನೂ ಹಾಗೆಯೇ ಉಳಿಸಿಕೊಂಡರು. ಒಂದು ಕಡೆ ಪರಿಚಿತವಾದುದನ್ನು ಇಟ್ಟು ಬದಲಿಸುವುದು, ಇನ್ನೊಂದು ಕಡೆ ಅಪರಿಚಿತವಾದುದನ್ನು ಉಳಿಸಿ ಓದುಗನನ್ನೇ ಅಲ್ಲಿಗೆ ಕರೆದೊಯ್ಯುವುದು: ಇಂದಿನ ಡಬ್ಬಿಂಗ್ ಬರಹಗಾರರ ಮುಂದಿರುವ ದಾರಿಗಳೂ ಇವೆರಡೇ. ಜೂಡಾಸನನ್ನು ಶಕುನಿಯಾಗಿಸಿದರೆ ಪ್ರೇಕ್ಷಕನಿಗೆ ಆ ಕ್ಷಣಕ್ಕೆ ತಿಳಿಯುತ್ತದೆ. ಆದರೆ ನ್ಯೂಯಾರ್ಕಿನ ಪೊಲೀಸನೊಬ್ಬ ಶಕುನಿಯ ಹೆಸರೆತ್ತುವುದು ಅಸಹಜವಾಗಿ ಕೇಳಿಸುತ್ತದೆ. ಇದಲ್ಲದೆ ಜೂಡಾಸನು ಪಶ್ಚಾತ್ತಾಪಪಟ್ಟವನು, ಶಕುನಿಯಲ್ಲ.

ಗುಬ್ಬಿಯ ರಂಗದಿಂದ ಬೆಳ್ಳಿತೆರೆಗೆ

ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಆರಂಭವಾಯಿತು. ಬಾಲ್ಯದಲ್ಲೇ ಅದನ್ನು ಸೇರಿ ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು (1891–1972) 'ಸದಾರಮೆ'ಯ ಕಳ್ಳನ ಪಾತ್ರದಿಂದ ಮನೆಮಾತಾದರು. 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಮೂಕಿ ಚಿತ್ರಗಳ ಕೊನೆಯ ವರ್ಷಗಳಲ್ಲಿ ಅವರು ಚಿತ್ರನಿರ್ಮಾಣಕ್ಕೂ ಕೈಹಾಕಿದರು. ಬೆಲ್ಜಿಯಮ್ಮಿನ ರಾಫೆಲ್ ಆಲ್ಗೋಯೆಟ್ ನಿರ್ದೇಶಿಸಿದ ಆ ಕಾಲದ ಅವರ ಚಿತ್ರವೊಂದರ ಹೆಸರು 'ಹಿಸ್ ಲವ್ ಅಫೇರ್' (1931). ಮಾತಿಲ್ಲದ ಚಿತ್ರಕ್ಕೆ ಇಂಗ್ಲಿಷ್ ಹೆಸರು! ಮೂಕಿ ಚಿತ್ರಗಳಲ್ಲಿ ದೃಶ್ಯಗಳ ನಡುವೆ ಬರಹದ ಫಲಕಗಳು ಬರುತ್ತಿದ್ದವು. ಅವುಗಳನ್ನು ಓದಬಲ್ಲವರು ಉಳಿದವರಿಗಾಗಿ ಗಟ್ಟಿಯಾಗಿ ಓದಿ ಹೇಳುವ ವಾಡಿಕೆ ದೇಶದ ಹಲವೆಡೆ ಇತ್ತು. ಇಂದಿನ ಅಡಿಬರಹದ ಕೆಲಸವನ್ನು ಅಂದು ಪಕ್ಕದಲ್ಲಿ ಕುಳಿತ ಮನುಷ್ಯನೇ ಮಾಡುತ್ತಿದ್ದ.

ಇಂಗ್ಲಿಷಿನ ಹಲವು ಮಾತುಗಳು ಇಂಥ ರಂಗಭೂಮಿಯಿಂದಲೇ ಹುಟ್ಟಿವೆ. ರಂಗಕ್ಕೆ ಹೊರಟ ನಟನಿಗೆ 'ಬ್ರೇಕ್ ಎ ಲೆಗ್' ಎಂದರೆ ಶುಭಕೋರಿಕೆ. ಕಾಲು ಮುರಿಯಲೆಂಬ ಶಾಪವಲ್ಲ. ಜನರ ಕಣ್ಣು ತನ್ನ ಮೇಲಿರುವಂತೆ ಬಾಳುವವನು 'ಲೈಮ್‌ಲೈಟ್'ನಲ್ಲಿದ್ದಾನೆ. ಇಲ್ಲಿಯ 'ಲೈಮ್' ನಿಂಬೆಯಲ್ಲ, ಸುಣ್ಣ. ಹತ್ತೊಂಬತ್ತನೆಯ ಶತಮಾನದ ರಂಗಮಂದಿರಗಳಲ್ಲಿ ಸುಣ್ಣದ ತುಂಡನ್ನು ಉರಿಯಲ್ಲಿ ಕಾಯಿಸಿ ಅದರ ಪ್ರಖರ ಬೆಳಕನ್ನು ನಟನ ಮೇಲೆ ಬೀಳಿಸುತ್ತಿದ್ದರು.

ಇತ್ತೀಚೆಗೆ ಹೆಚ್ಚಾಗಿ ಕೇಳಿಬರುವ 'ಗ್ಯಾಸ್‌ಲೈಟಿಂಗ್' ಎಂಬ ಪದದ ಹಿಂದೆಯೂ ನಾಟಕವಿದೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ನನ 1938ರ ನಾಟಕ 'ಗ್ಯಾಸ್ ಲೈಟ್' 1940ರಲ್ಲಿ ಬ್ರಿಟನ್ನಿನಲ್ಲೂ 1944ರಲ್ಲಿ ಅಮೆರಿಕದಲ್ಲೂ ಚಲನಚಿತ್ರವಾಯಿತು. ಗಂಡನು ಗುಟ್ಟಾಗಿ ಮೇಲಂತಸ್ತಿನಲ್ಲಿ ಅನಿಲದೀಪ ಹೊತ್ತಿಸಿದಾಗ ಕೆಳಗಿನ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಹೇಳಿದರೆ, ಎಲ್ಲ ನಿನ್ನ ಭ್ರಮೆ ಎಂದು ಆಕೆ ತನ್ನ ಬುದ್ಧಿಯನ್ನೇ ಶಂಕಿಸುವಂತೆ ಮಾಡುತ್ತಾನೆ. ಹೀಗೆ ಒಬ್ಬರ ಅನುಭವವನ್ನೇ ಸುಳ್ಳೆನಿಸಿ ಹತೋಟಿಗೆ ತರುವುದಕ್ಕೆ ಆ ಹೆಸರು ಬಂತು. ತುಮಕೂರು ಸೀಮೆಯ ಹಿರಿಯರಿಗೆ 'ಗ್ಯಾಸ್‌ಲೈಟು' ಎಂದರೆ ಮದುವೆಯ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊರುತ್ತಿದ್ದ ಪೆಟ್ರೋಮ್ಯಾಕ್ಸ್. ಒಂದೇ ಪದ ಒಬ್ಬರಿಗೆ ಸಂಭ್ರಮವನ್ನೂ ಇನ್ನೊಬ್ಬರಿಗೆ ಹಿಂಸೆಯನ್ನೂ ನೆನಪಿಗೆ ತರುತ್ತದೆ.

ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಅವರು, ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ನಿರ್ಮಾಣದಲ್ಲಿ ಪಾಲ್ಗೊಂಡ 'ಬೇಡರ ಕಣ್ಣಪ್ಪ' (1954) ಚಿತ್ರದಿಂದ ನಾಯಕನಟರಾದರು. ದೊರೆ–ಭಗವಾನ್ ಜೋಡಿಯ 'ಜೇಡರ ಬಲೆ' (1968) ಚಿತ್ರದಲ್ಲಿ ಅವರದು ಸಿಐಡಿ 999 ಎಂಬ ಪಾತ್ರ. ಆ ಸಂಖ್ಯೆಯೇ ಒಂದು ಸಾಂಸ್ಕೃತಿಕ ಉಲ್ಲೇಖ. ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡನ 007 ಸಂಖ್ಯೆಯನ್ನು ಬಲ್ಲವರಿಗೆ ಅದರ ತಮಾಷೆ ಹೆಚ್ಚು. ಬಾಂಡನ ಹೆಸರೇ ಕೇಳದವರೂ ಚಿತ್ರವನ್ನು ಆನಂದಿಸಿದರು. ಉಲ್ಲೇಖವೊಂದು ಚೆನ್ನಾಗಿ ಬೆಸೆದುಕೊಂಡಿದ್ದರೆ, ಅದು ತಿಳಿಯದವರೂ ಕಥೆಯಿಂದ ಹೊರಗುಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ದಿನಬಳಕೆಯ ಉಲ್ಲೇಖಗಳು

ಅಮೆರಿಕದ ಧಾರಾವಾಹಿಗಳಲ್ಲಿ ನಿಘಂಟಿಗೂ ಸಿಗದ ತೊಡಕೆಂದರೆ ಅಲ್ಲಿನ ದಿನಬಳಕೆ. ಅಲ್ಲಿ 'ಫಸ್ಟ್ ಫ್ಲೋರ್' ಎಂದರೆ ನೆಲಮಹಡಿ. ತಾಪಮಾನ ನೂರು ಎಂದರೆ ಫ್ಯಾರನ್‌ಹೀಟ್ ಲೆಕ್ಕ, ಸುಮಾರು 38 ಡಿಗ್ರಿ ಸೆಲ್ಸಿಯಸ್. ದಿನಾಂಕದಲ್ಲಿ ತಿಂಗಳು ಮೊದಲು ಬರುವುದರಿಂದ 9/11 ಎಂಬುದು ಸೆಪ್ಟೆಂಬರ್ 11. ನ್ಯಾಯಾಲಯದ ದೃಶ್ಯದಲ್ಲಿ ಸಾಕ್ಷಿಯು 'ಐ ಪ್ಲೀಡ್ ದ ಫಿಫ್ತ್' ಎಂದರೆ, ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಬೇಕಾಗಿಲ್ಲವೆಂಬ ಅಲ್ಲಿನ ಸಂವಿಧಾನದ ಐದನೆಯ ತಿದ್ದುಪಡಿಯ ಹಕ್ಕನ್ನು ಕೇಳುತ್ತಿದ್ದಾನೆ ಎಂದರ್ಥ. ಭಾರತದ ಸಂವಿಧಾನದ 20ನೆಯ ವಿಧಿಯ ಮೂರನೆಯ ಖಂಡವೂ ಆರೋಪಿಗೆ ಇಂಥದೇ ರಕ್ಷಣೆ ನೀಡುತ್ತದೆ. ಆದರೆ ನಮ್ಮ ಚಿತ್ರಗಳಲ್ಲಿ ಅದು ಮಾತಾಗಿ ಬೆಳೆಯಲಿಲ್ಲ.

ಬೇಸ್‌ಬಾಲ್ ಆಟದಿಂದ ಬಂದ 'ಕರ್ವ್‌ಬಾಲ್' ಅನಿರೀಕ್ಷಿತ ಸಮಸ್ಯೆಯನ್ನು ಸೂಚಿಸುತ್ತದೆ. ಆ ಆಟವನ್ನು ಕಾಣದ ಕನ್ನಡಿಗರು ಕ್ರಿಕೆಟ್ಟಿನ 'ಗೂಗ್ಲಿ'ಯನ್ನು ನೆನೆದರೆ ಅರ್ಥ ತಾನಾಗಿ ದೊರೆಯುತ್ತದೆ. 2013ರಲ್ಲಿ ಕನ್ನಡ ಚಿತ್ರವೊಂದಕ್ಕೆ 'ಗೂಗ್ಲಿ' ಎಂದೇ ಹೆಸರಿಟ್ಟಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಮಾತಿನ ದಾಕ್ಷಿಣ್ಯವೂ ಎಡವಿಸುವಂಥದೇ. ಬ್ರಿಟಿಷ್ ಪಾತ್ರವೊಂದು 'ನಾಟ್ ಬ್ಯಾಡ್' ಎಂದರೆ ಅನೇಕ ವೇಳೆ ಅದು ಒಳ್ಳೆಯ ಹೊಗಳಿಕೆ. 'ವಿತ್ ಆಲ್ ಡ್ಯೂ ರೆಸ್ಪೆಕ್ಟ್' ಎಂದು ಆರಂಭಿಸಿದರೆ ಮುಂದೆ ಬರುವುದು ವಿರೋಧ. ಸಾಲ ಕೇಳಿದಾಗ 'ನೋಡೋಣ' ಎಂಬ ಉತ್ತರ ಬಂದರೆ ಇಲ್ಲವೆಂದೇ ತಿಳಿಯುವ ಕನ್ನಡಿಗರಿಗೆ ಈ ರೀತಿ ಹೊಸದಾಗಬೇಕಿಲ್ಲ.

ಡಬ್ಬಿಂಗ್ ಮತ್ತು ಅಡಿಬರಹ

ತಮಿಳು, ತೆಲುಗು ಪ್ರೇಕ್ಷಕರಿಗೆ ಇಂಗ್ಲಿಷ್ ಚಿತ್ರಗಳು ಅವರವರ ಭಾಷೆಯಲ್ಲಿ ದೊರೆಯುತ್ತಿದ್ದ ಕಾಲದಲ್ಲಿ ಕನ್ನಡಿಗರಿಗೆ ಆ ಅನುಕೂಲವಿರಲಿಲ್ಲ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ, ಯಾವುದೇ ಕಾನೂನಿಲ್ಲದೆ, ಚಿತ್ರೋದ್ಯಮದ ಕಟ್ಟುಪಾಡಿನಿಂದಲೇ ಕನ್ನಡಕ್ಕೆ ಡಬ್ಬಿಂಗ್ ನಿಂತಿತು. ಕನ್ನಡ ಚಿತ್ರೋದ್ಯಮ ತನ್ನ ಕಾಲ ಮೇಲೆ ನಿಲ್ಲಲು ಅದು ನೆರವಾಯಿತೆಂಬುದು ಸಮರ್ಥಕರ ವಾದ. ಕನ್ನಡವೊಂದನ್ನೇ ಬಲ್ಲವರು ಹೊರಗಿನ ಜಗತ್ತನ್ನು ಪರಭಾಷೆಯಲ್ಲೇ ನೋಡಬೇಕಾಯಿತೆಂಬುದು ವಿರೋಧಿಗಳ ಆಕ್ಷೇಪ. ಎರಡರಲ್ಲೂ ಸತ್ಯವಿದೆ, ಬೆಲೆ ತೆತ್ತವರು ಮಾತ್ರ ಹೆಚ್ಚಾಗಿ ಇಂಗ್ಲಿಷ್ ಓದಲು ಅವಕಾಶವಾಗದ ಗ್ರಾಮೀಣ ಪ್ರೇಕ್ಷಕರು ಮತ್ತು ಮಕ್ಕಳು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧಾನಿಯಮಗಳಿಗೆ ವಿರುದ್ಧವೆಂದು ಆದೇಶಿಸಿತು. 2017ರಲ್ಲಿ ತಮಿಳಿನಿಂದ ಡಬ್ ಆದ 'ಸತ್ಯದೇವ್ ಐಪಿಎಸ್' ಬಿಡುಗಡೆಯಾಯಿತು. 2022ರ 'ಅವತಾರ್: ದ ವೇ ಆಫ್ ವಾಟರ್' ಕನ್ನಡದಲ್ಲೂ ತೆರೆಕಂಡಿತು.

ಅಡಿಬರಹವು ಓದುವ ಅಭ್ಯಾಸವನ್ನೂ ಬೆಳೆಸುತ್ತದೆ. ಹಾಡಿನ ಸಾಲುಗಳನ್ನು ಅದೇ ಭಾಷೆಯಲ್ಲಿ ತೆರೆಯ ಮೇಲೆ ತೋರಿಸಿ ಸಾಕ್ಷರತೆ ಹೆಚ್ಚಿಸುವ ಪ್ರಯೋಗವನ್ನು ಬ್ರಿಜ್ ಕೊಠಾರಿಯವರು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ 1996ರಲ್ಲಿ ಆರಂಭಿಸಿದರು. ಇಂಗ್ಲಿಷ್ ಚಿತ್ರವನ್ನು ಇಂಗ್ಲಿಷ್ ಅಡಿಬರಹದೊಡನೆ ನೋಡುವವರಿಗೂ ಇದೇ ಲಾಭವುಂಟು. ಉಚ್ಚಾರಣೆಯ ತೊಡಕು ನಿವಾರಣೆಯಾಗಿ, ಉಳಿಯುವುದು ನುಡಿಗಟ್ಟಿನ ತೊಡಕು ಮಾತ್ರ.

ಅರ್ಥ ಹುಡುಕುವ ಬಗೆ

ಅರ್ಥವಾಗದ ಮಾತು ಬಂದಾಗ ಅದನ್ನಾಡಿದವರು ಯಾರು, ಯಾರಿಗೆ, ಕೇಳಿದವರ ಮುಖ ಹೇಗಾಯಿತು ಎಂಬುದನ್ನು ಮೊದಲು ಗಮನಿಸುವುದು ಒಳ್ಳೆಯದು. ಚಿತ್ರದಲ್ಲಿ ಅರ್ಧ ಅರ್ಥ ಮುಖದಲ್ಲೇ ಇರುತ್ತದೆ. ನಂತರ ಮಾತನ್ನು ಇಡಿಯಾಗಿ ಬರೆದುಕೊಂಡು, ಅದರ ಮುಖ್ಯ ನಾಮಪದದ ಕೆಳಗೆ ನಿಘಂಟಿನಲ್ಲಿ ನೋಡಬೇಕು. 'ಹ್ಯಾಂಡ್ಸ್ ಡೌನ್' ಸಿಗುವುದು 'ಹ್ಯಾಂಡ್' ಪದದಡಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹಲವು ನುಡಿಗಟ್ಟುಗಳನ್ನು ಹೀಗೆಯೇ ಜೋಡಿಸಿದೆ. ಅರ್ಥ ಸಿಕ್ಕಿದ ಮೇಲೆ ಅದೇ ಸಂದರ್ಭದಲ್ಲಿ ಮನೆಯಲ್ಲಿ ಏನನ್ನುತ್ತಾರೆ ಎಂದು ಕೇಳಿಕೊಂಡರೆ ಮಾತು ಮರೆಯುವುದಿಲ್ಲ.

ಕನ್ನಡದಲ್ಲಿ ಬಳಕೆಯಾಗುವ ಇಂಗ್ಲಿಷ್ ಪದದ ಅರ್ಥವನ್ನೇ ಇಂಗ್ಲಿಷ್ ಚಿತ್ರಕ್ಕೂ ಹಚ್ಚುವುದು ಸಾಮಾನ್ಯವಾದ ತಪ್ಪು. 'ಕಿರಿಕ್ ಪಾರ್ಟಿ' (2016) ಎಂಬಲ್ಲಿ 'ಪಾರ್ಟಿ' ಎಂದರೆ ಆಸಾಮಿ. 'ಬಿಲ್ಡಪ್' ಎಂದರೆ ಜಂಬ. 'ಲೈನ್ ಹೊಡೆಯುವುದು' ಎಂದರೆ ಹುಡುಗಿಯ ಬೆನ್ನುಬೀಳುವುದು. ಇವು ಇಂಗ್ಲಿಷಿನಿಂದ ಬಂದರೂ ಈಗ ಕನ್ನಡದ ಪದಗಳು, ಇಂಗ್ಲಿಷರಿಗೆ ಇವನ್ನು ಬಿಡಿಸಿ ಹೇಳಬೇಕಾಗುತ್ತದೆ.

ಕನ್ನಡ ಚಿತ್ರಗಳು ಮತ್ತು ಹೊರಗಿನ ಪ್ರೇಕ್ಷಕರು

ಕನ್ನಡ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹದೊಡನೆ ನೋಡುವವರಿಗೆ ಇದೇ ಕಷ್ಟ ಎದುರು ದಿಕ್ಕಿನಿಂದ ಬರುತ್ತದೆ. ಪಾತ್ರವೊಂದು 'ಹೋಗಿ ಬರುತ್ತೇನೆ' ಎಂದು ಹೊರಟರೆ, ಪದಶಃ ಅನುವಾದ ಓದಿದವರು ಆ ಪಾತ್ರ ಮರಳುವುದನ್ನೇ ಕಾಯುತ್ತಾರೆ. ಹೋಗುತ್ತೇನೆ ಎಂದಷ್ಟೇ ಹೇಳುವುದು ಅಶುಭವೆಂಬ ನಂಬಿಕೆ ಅಡಿಬರಹದಲ್ಲಿ ಹಿಡಿಸುವುದಿಲ್ಲ. 'ಊಟ ಆಯಿತಾ?' ಎಂಬುದು ಆಹ್ವಾನವಲ್ಲ, ಕ್ಷೇಮ ಸಮಾಚಾರ. ಕುಣಿಗಲ್ ಕೆರೆಯ ಜನಪದ ಗೀತೆಯನ್ನು ಪಾತ್ರವೊಂದು ಗುನುಗಿದರೆ ಕನ್ನಡಿಗರಿಗೆ ಒಂದು ಕೆರೆಯ ಏರಿ, ಒಂದು ಕಾಲ, ಶಾಲೆಯ ದಿನಗಳ ಹಾಡು ಒಟ್ಟಿಗೆ ನೆನಪಾಗುತ್ತವೆ. ಅಡಿಬರಹದಲ್ಲಿ ಅದು ಕೆರೆಯ ಬಗೆಗಿನ ಹಾಡಷ್ಟೇ. 2019ರ 'ಗುಬ್ಬಿ ಮೇಲೆ ಬ್ರಹ್ಮಾಸ್ತ್ರ' ಚಿತ್ರದ ಹೆಸರಿಗೆ ಹತ್ತಿರದ ಇಂಗ್ಲಿಷ್ ಮಾತು, ಕಡಲೆಕಾಯಿ ಒಡೆಯಲು ದೊಡ್ಡ ಸುತ್ತಿಗೆ ಎತ್ತುವುದು ಎಂಬರ್ಥದ್ದು. ಅದರಲ್ಲಿ ಅಸ್ತ್ರವೂ ಇಲ್ಲ, ಹಕ್ಕಿಯೂ ಇಲ್ಲ.